ಚರಕದ ಮನೆಗೆ ಸುಣ್ಣ ಬಳಿದ ಚಿಕ್ಕಮ್ಮ

ಸುಣ್ಣ ಬಳಿದದ್ದೇ ತಪ್ಪಾಯಿತು.

‘ನಾಳೆ ನಗರಸಭೆಯಿಂದ ಸಾಹೇಬರು ಬರುತ್ತಾರಂತೆ, ನಮ್ಮ ಜಾಗ ನೋಡೋಕೆ’ ಎಂದು ಚಿಕ್ಕಮ್ಮ ಫೋನ್ ಮಾಡಿದಾಗ ನಾನು ‘ಸರಿ, ರಜಾ ಹಾಕಿ ಬರ್ತೀನಿ’ ಎಂದೆ. ಅಷ್ಟೇ. ನಮ್ಮ ಕಡೆ ದೊಡ್ಡವರು ಮನೆಗೆ ಬರುತ್ತಾರೆ ಎಂದರೆ ಏನೇನಾಗುತ್ತದೆ ಎಂಬುದು ಆ ಹೊತ್ತಿಗೆ ತಲೆಗೆ ಹೊಳೆಯಲೇ ಇಲ್ಲ.

ಬೆಳಗ್ಗೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿ ಶಿಡ್ಲಘಟ್ಟದಲ್ಲಿ ಇಳಿದೆ. ಚಿಕ್ಕಮ್ಮನ ಮನೆ ನೋಡಿದರೆ ಬಾಗಿಲಿಗೆ ಮಾವಿನೆಲೆ ತೋರಣ! ಮುಂದೆ ರಂಗೋಲಿ. ಹಿತ್ತಲಿನ ಚರಕದ ಶೆಡ್ಡಿಗೆ ಬೆಳ್ಳಗೆ ಸುಣ್ಣ. ರೇಷ್ಮೆಗೂಡು ಬೇಯಿಸುವ ಒಲೆಯನ್ನು ಸಾರಿಸಿ ಕೆಮ್ಮಣ್ಣು ಬಳಿದಿದ್ದಾಳೆ. ಬಾಂಡ್ಲಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಬೋರಲು ಹಾಕಿದ್ದಾಳೆ. ಚರಕಕ್ಕೆ ಅರಿಶಿನ, ಕುಂಕುಮ, ಒಂದು ಮೊಳ ಸೇವಂತಿಗೆ. ಮೂಲೆಯಲ್ಲಿ ಊದುಬತ್ತಿ ಬೇರೆ.

ಗೋಡೆಯಾಚೆಯಿಂದ ನೂರ್‌ಜಾನಕ್ಕ ಇಣುಕಿದರು. ಅವರದ್ದೂ ರೇಷ್ಮೆ ಬಿಚ್ಚುವ ಮನೆಯೇ.

“ಏನ್ ಮುನಿಲಕ್ಷ್ಮಮ್ಮ, ಸಾಹೇಬ್ರು ಚರಕ ನೋಡೋಕ್ ಬರ್ತಾರಾ, ಹೆಣ್ಣು ನೋಡೋಕ್ ಬರ್ತಾರಾ?”

“ನೀನ್ ಸುಮ್ನಿರು ನೂರ್‌ಜಾನು. ಇವತ್ತೊಂದಿನ ನಿಮ್ಮನೆ ಗಬ್ಬು ಈ ಕಡೆ ಬರ್ದಿದ್ರೆ ಸಾಕು.”

ರೇಷ್ಮೆ ಸೀರೆ ಉಟ್ಟವರಿಗೆಲ್ಲ ರೇಷ್ಮೆ ವಾಸನೆ ಗೊತ್ತಿರಬೇಕಿಲ್ಲ. ಅದಕ್ಕೆ ಹೇಳುತ್ತೇನೆ. ಗೂಡನ್ನು ಕುದಿಯುವ ನೀರಿಗೆ ಹಾಕಿ, ಎಳೆ ಹುಡುಕಿ, ನೂಲು ತೆಗೆಯುತ್ತಾರೆ. ಒಳಗಿನ ಹುಳು ಬೇಯುತ್ತದೆ. ಆ ವಾಸನೆ ಗೋಡೆಗೆ ಹತ್ತುತ್ತದೆ, ಕೂದಲಿಗೆ ಹತ್ತುತ್ತದೆ, ಅನ್ನದ ತಟ್ಟೆಗೂ ಹತ್ತುತ್ತದೆ. ನಮ್ಮ ಚಿಕ್ಕಮ್ಮ ಒಲೆಯ ಮುಂದೆ ಕೂತು ಎಳೆ ಹಿಡಿದರೆ, ಚಿಕ್ಕಪ್ಪ ಪಕ್ಕದಲ್ಲಿ ನಿಂತು ಚರಕ ತಿರುಗಿಸುತ್ತಿದ್ದ. ಮದುವೆಯಾದಾಗಿನಿಂದ ಅವರಿಬ್ಬರ ಸಂಸಾರ ಸುತ್ತಿದ್ದು ಹೀಗೆ.

ಕೊರೊನಾ ಬಂತು. ಗೂಡಿನ ಮಾರ್ಕೆಟ್ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಆಮೇಲೆ ಚಿಕ್ಕಪ್ಪನೇ ಮಲಗಿದ. ಆಸ್ಪತ್ರೆಯಿಂದ ವಾಪಸ್ ಬಂದ, ದೇವರು ದೊಡ್ಡವನು. ಆದರೆ ಉಸಿರು ಪೂರ್ತಿ ವಾಪಸ್ ಬರಲಿಲ್ಲ. ಚರಕಕ್ಕೆ ಕೈ ಹಾಕಿದರೆ ಸಾಕು, ಕೆಮ್ಮು. ಚಿಕ್ಕಮ್ಮ ಒಂದು ದಿನ ಒಲೆ ಆರಿಸಿದವಳು ಮತ್ತೆ ಹಚ್ಚಲಿಲ್ಲ. ಪಕ್ಕದ ಬೀದಿಯಲ್ಲಿ ಪಾತ್ರೆ ತೊಳೆಯಲು ಹೋಗತೊಡಗಿದಳು.

ಕೊರೊನಾದಲ್ಲಿ ನಿಂತುಹೋದ ಸಣ್ಣ ಕಸುಬಿನವರಿಗೂ ಸಣ್ಣಪುಟ್ಟ ಸಂಘಗಳಿಗೂ ಮತ್ತೆ ಶುರು ಮಾಡಲು ನಗರಸಭೆ ನೆರವು ಕೊಡುತ್ತದೆ ಎಂದು ಗೊತ್ತಾದಾಗ ಅರ್ಜಿ ಹಾಕಿಸಿದೆ. ಕೇಳಿದ್ದು ದೊಡ್ಡದೇನಲ್ಲ. ಚರಕಕ್ಕೊಂದು ಚಿಕ್ಕ ಮೋಟರು. ಅದೊಂದಿದ್ದರೆ ಚಕ್ರ ತಾನೇ ತಿರುಗುತ್ತದೆ. ಚಿಕ್ಕಪ್ಪ ಕೂತಲ್ಲೇ ಗೂಡು ಆರಿಸಿಕೊಡಬಹುದು.

ಮೋಟರು ನಾನೇ ಕೊಡಿಸುತ್ತೇನೆ ಎಂದೂ ಹೇಳಿದ್ದೆ. ಅದಕ್ಕೆ ಚಿಕ್ಕಮ್ಮ ಹೇಳಿದ್ದು ಕೇಳಿ:

“ನೀನು ಕೊಟ್ರೆ ಮಗಳು ಕೊಟ್ಟಂಗಾಯ್ತು. ನಗರಸಭೆಯೋರು ಕೊಟ್ರೆ, ಇವಳೂ ಒಬ್ಳು ಕಸುಬುದಾರಳು ಅಂತ ಒಪ್ಕೊಂಡಂಗಾಯ್ತು. ಎರಡೂ ಒಂದೇನಾ?”

ಡಿಗ್ರಿ ಓದಿದ ನಾನು ಪೆನ್ನು ತೆಗೆದು ಅರ್ಜಿ ತುಂಬಲು ಕೂತಿದ್ದೆ.

ಸಾಹೇಬರು ಬಂದರು. ನನಗಿಂತ ಚಿಕ್ಕ ಹುಡುಗ, ಕೈಯಲ್ಲಿ ಹೆಲ್ಮೆಟ್. ಕೊಟ್ಟ ಕಾಫಿ ಕುಡಿದು, ಕೋಡುಬಳೆ ಮುರಿದು, ಶೆಡ್ಡಿನೊಳಗೆ ಬಂದು ನಿಂತರು. ಸುತ್ತ ನೋಡಿದರು. ಚಪ್ಪಲಿ ಹೊರಗೆ ಬಿಟ್ಟು ಬರಬೇಕಿತ್ತೇನೋ ಎಂಬಂತೆ ತಮ್ಮ ಕಾಲು ನೋಡಿಕೊಂಡರು.

“ಅಮ್ಮ, ತಪ್ಪು ತಿಳ್ಕೋಬೇಡಿ. ಬೆಳಗ್ಗಿಂದ ಈ ಬೀದೀಲೇ ಓಡಾಡ್ತಿದೀನಿ. ಒಂದು ಮನೆಗೂ ನಂಬರ್ ಕೇಳ್ಕೊಂಡು ಹೋಗ್ಲಿಲ್ಲ, ಮೂಗು ತೋರಿಸಿದ ಕಡೆ ಹೋದೆ. ಕೊರೊನಾದಲ್ಲಿ ನಿಂತೋರ ಗೋಡೇಲೂ ವಾಸನೆ ಉಳಿದಿತ್ತು. ಇಲ್ಲಿ ವಾಸನೆನೇ ಇಲ್ವಲ್ಲಮ್ಮ?”

“ತೊಳ್ದಿದೀನಲ್ಲ ಸ್ವಾಮಿ!” ಚಿಕ್ಕಮ್ಮನ ದನಿಯಲ್ಲಿ ಹೆಮ್ಮೆ. ಪಾಪ, ಹೊಗಳಿಕೆ ಎಂದುಕೊಂಡಿದ್ದಳು.

“ನೂಲು ತೆಗೆಯೋ ಲೈಸೆನ್ಸ್ ಇದೆ ಸರ್,” ನಾನು ಬಾಯಿ ಹಾಕಿದೆ.

“ಲೈಸೆನ್ಸ್ ಇಟ್ಕೊಂಡು ಕಸುಬು ಬಿಟ್ಟು ಹತ್ತು ವರ್ಷ ಆದೋರೂ ಅರ್ಜಿ ಹಾಕಿದಾರೆ ಮೇಡಂ. ನಿಜವಾದೋರಿಗೆ ಸಿಗ್ಲಿ ಅಂತ ತಾನೇ ನಾವು ನೋಡೋಕೆ ಬರೋದು? ಇಲ್ಲಿ ನೋಡಿದ್ರೆ ದೇವರ ಮನೆ ಥರ ಇದೆ. ನಾನೇನಂತ ಬರೀಲಿ?”

ಆ ಹುಡುಗನ ಮಾತಿನಲ್ಲಿ ತಪ್ಪೇನಿತ್ತು? ಅದೇ ಕಷ್ಟ. ಏನೂ ಇರಲಿಲ್ಲ.

“ನಾಳೆ ಇನ್ನೊಂದ್ಸಲ ಬರ್ತೀನಿ. ನೂಲು ತೆಗೆಯೋದು ತೋರ್ಸಿ,” ಎಂದು ಬೈಕ್ ಹತ್ತಿದರು.

ಚಿಕ್ಕಮ್ಮ ಸುಣ್ಣದ ಗೋಡೆಗೆ ಒರಗಿ ಕೂತಳು. ಬೆನ್ನಿಗೆಲ್ಲ ಬಿಳಿ.

“ಚೊಕ್ಕಟವಾಗಿದ್ದಿದ್ದು ತಪ್ಪೇನಮ್ಮ?”

ಓದುಗರೇ, ಈ ಪ್ರಶ್ನೆಗೆ ನೀವು ಉತ್ತರ ಹುಡುಕುತ್ತಿರಿ. ನಾನೊಂದು ಹಳೆಯ ಮಾತು ಹೇಳುತ್ತೇನೆ. ಸಾದಲಿ ಕಡೆಯ ನಮ್ಮ ಹಳ್ಳಿಯಿಂದ ಓದಿಗೆಂದು ನಾನು ಈ ಮನೆಗೆ ಬಂದು ಸೇರಿದವಳು. ನಮ್ಮ ವಂಶದಲ್ಲಿ ಪುಸ್ತಕ ಹಿಡಿದವರು ಅದುವರೆಗೆ ಯಾರೂ ಇರಲಿಲ್ಲ. ಸ್ಕೂಲಿಗೆ ಹೋದ ಮೊದಲ ವಾರವೇ ನನ್ನ ಪಕ್ಕದ ಹುಡುಗಿ ಮೂಗು ಮುಚ್ಚಿ ಬೇರೆ ಬೆಂಚಿಗೆ ಹೋದಳು. ಮನೆಗೆ ಬಂದು ಅತ್ತುಬಿಟ್ಟೆ. ಚಿಕ್ಕಮ್ಮ ನನ್ನ ಬಟ್ಟೆ ಇನ್ನೊಮ್ಮೆ ಒಗೆದಳು. ಮಾರನೆಯ ದಿನದಿಂದ ನನ್ನ ಯೂನಿಫಾರಂ ಬೀದಿ ಕೊನೆಯ ಹೂವು ಕಟ್ಟುವ ಮಂಗಮ್ಮನ ಮನೆಯ ಗೂಟಕ್ಕೆ ಹೋಯಿತು. ನಾನು ಸ್ನಾನ ಮಾಡಿ ಅಲ್ಲಿಗೆ ಓಡಿ, ಅಲ್ಲೇ ಬಟ್ಟೆ ಬದಲಿಸಿ, ಮಲ್ಲಿಗೆಯ ಘಮದಲ್ಲಿ ಸ್ಕೂಲಿಗೆ ಹೋಗುತ್ತಿದ್ದೆ. ಹತ್ತನೇ ಕ್ಲಾಸ್ ಮುಗಿಯುವವರೆಗೂ ಚರಕದ ಶೆಡ್ಡಿಗೆ ಕಾಲಿಡಲು ನನಗೆ ಪರ್ಮಿಷನ್ನೇ ಇರಲಿಲ್ಲ.

ಓದಿದವರ ಮುಂದೆ ಈ ವಾಸನೆ ಸುಳಿಯಬಾರದು. ಚಿಕ್ಕಮ್ಮ ಇಡೀ ಬದುಕು ಕಲಿತದ್ದು ಇದನ್ನು. ಅವತ್ತೂ ಅದನ್ನೇ ಮಾಡಿದ್ದಳು.

ಗೌರಿಬಿದನೂರಿನಲ್ಲಿ ಕಟಿಂಗ್ ಶಾಪ್ ಇಟ್ಟಿರುವ ನನ್ನ ಕ್ಲಾಸ್‌ಮೇಟ್ ಒಬ್ಬನಿದ್ದಾನೆ. ಅವನಿಗೂ ಅಲ್ಲಿ ಇಂಥದ್ದೇ ನೆರವು ಸಿಕ್ಕಿದೆ. ಹೇಗಪ್ಪಾ ಎಂದು ಫೋನ್ ಮಾಡಿ ಕೇಳಿದರೆ, “ನೀನೊಬ್ಳು! ನೋಡೋಕೆ ಬರ್ತಾರೆ ಅಂತ ಗೊತ್ತಾದ ದಿನದಿಂದ ನಾನು ಅಂಗಡಿ ಕಸ ಗುಡಿಸ್ಲೇ ಇಲ್ಲ ಕಣೇ. ಕೂದಲು ಕಾಲಿಗೆ ಸುತ್ಕೋಬೇಕು, ಹಂಗಿಟ್ಟಿದ್ದೆ,” ಎಂದು ನಕ್ಕ. (ಜಾಣ. ಸ್ಕೂಲಿನಲ್ಲೂ ಹೀಗೇ ಇದ್ದ.) ಚಿಂತಾಮಣಿಯಲ್ಲಿ ನಡೆಯಲಾರದ ಮಕ್ಕಳಿಗೆ ಪಾಠ ಹೇಳುವ ಪುಟ್ಟ ಸಂಘವೊಂದಿದೆ. ಅಲ್ಲಿನ ಟೀಚರ್‌ದು ಉಲ್ಟಾ ಕಥೆ. ಮಕ್ಕಳಿಗೆ ಖುಷಿಯಾಗಲೆಂದು ಗೋಡೆಗೆ ನವಿಲು, ಆನೆ ಬರೆಸಿಟ್ಟಿದ್ದರು. ನೋಡಲು ಬಂದವರು ‘ಇಷ್ಟು ಚೆನ್ನಾಗಿದೆಯಲ್ಲ, ನಿಮಗ್ಯಾಕೆ ಸಹಾಯ?’ ಎಂದರಂತೆ.

ನೆರವು ಬೇಕು, ಬರಲೇಬೇಕು. ಅದರ ಮೇಲೆ ನನಗೆ ಕೋಪವಿಲ್ಲ. ಆದರೆ ಕಷ್ಟಕ್ಕೆ ಇಂಥದ್ದೇ ಮುಖ ಇರಬೇಕು ಎಂದು ನಾವು ಯಾವಾಗ ತೀರ್ಮಾನ ಮಾಡಿದೆವು? ಕಷ್ಟದಲ್ಲಿರುವವರು ತಲೆ ಬಾಚಿಕೊಳ್ಳಬಾರದೇ?

ಇರಲಿ. ನಾಳೆಯ ಮಾತು ದೊಡ್ಡದಿತ್ತು. ನೂಲು ತೋರಿಸಬೇಕು, ಗೂಡೆಲ್ಲಿ? ಮನೆಯಲ್ಲಿ ಒಂದು ಗೂಡೂ ಇಲ್ಲ. ಮಾರನೆಯ ಬೆಳಗ್ಗೆ ಗೋಡೆಯ ಮೇಲಿಂದ ಒಂದು ಮಂಕರಿ ಇಳಿಯಿತು. ಹಿಂದೆಯೇ ನೂರ್‌ಜಾನಕ್ಕನ ಮುಖ.

“ತಗೋ, ಬಿಚ್ಚು. ನೂಲು ನಂಗ್ ಕೊಡು, ವಾಸ್ನೆ ನೀನ್ ಇಟ್ಕೋ.”

ಚಿಕ್ಕಮ್ಮ ನಕ್ಕಳು. ಒಲೆ ಹೊತ್ತಿತು. ನೀರು ಕುದಿಯಿತು. ಕೆಮ್ಮಣ್ಣಿನ ಮೇಲೆ ಮಸಿ ಹತ್ತಿತು. ಈಗ ಚಕ್ರ ತಿರುಗಿಸುವವರು ಯಾರು? ನಾನು ಸೆರಗು ಸಿಕ್ಕಿಸಿ ಎದ್ದೆ.

“ಅಯ್ಯಯ್ಯೋ, ನೀನ್ ಬೇಡ! ಸೀರೆಗೆಲ್ಲಾ ವಾಸ್ನೆ ಹತ್ತುತ್ತೆ. ನಾಳೆ ಕಾಲೇಜ್‌ನಾಗೆ ನಿಂತ್ಕೊಂಡು ಪಾಠ ಮಾಡೋಳು!”

“ತಿರುಗಿಸ್ಲಿ ಬಿಡೇ,” ಮಂಚದ ಮೇಲಿಂದ ಚಿಕ್ಕಪ್ಪ. “ಚರಕ ಏನ್ ಕಚ್ತದಾ?”

ತಿರುಗಿಸಿದೆ. ಎಳೆ ಪಟ್ಟೆಂದು ಕಿತ್ತುಹೋಯಿತು. ಮತ್ತೆ ತಿರುಗಿಸಿದೆ. ಮತ್ತೆ ಕಿತ್ತುಹೋಯಿತು.

“ನಿಧಾನ ಕಣಮ್ಮ! ಬೆಂಗಳೂರು ಬಸ್ ಓಡಿಸ್ತಿದೀಯಾ?” ಚಿಕ್ಕಪ್ಪ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಎದ್ದು ಬಂದು ನನ್ನ ಪಕ್ಕ ನಿಂತ. ತಿರುಗಿಸಲಿಲ್ಲ. ನನ್ನ ಕೈಯ ಮೇಲೆ ಕೈ ಇಟ್ಟ, ಅಷ್ಟೇ. ಚಿಕ್ಕಮ್ಮ ಒಮ್ಮೆ ತಲೆಯೆತ್ತಿ ಅವನನ್ನು ನೋಡಿದಳು. ಮತ್ತೆ ಬಾಂಡ್ಲಿಗೆ ಬಗ್ಗಿದಳು. ಆಮೇಲೆ ಎಳೆ ಕಿತ್ತುಹೋಗಲಿಲ್ಲ.

ಸಾಹೇಬರು ಗೇಟಿನಲ್ಲೇ ಕರ್ಚೀಫ್ ತೆಗೆದು ಮೂಗಿಗೆ ಹಿಡಿದರು. ಅದನ್ನು ಕಂಡದ್ದೇ ಚಿಕ್ಕಮ್ಮನ ಒದ್ದೆ ಕೈ ಊದುಬತ್ತಿಯ ಕಡೆ ಹೋಯಿತು. ನಾನು ಬೇಡವೆಂದು ಕಣ್ಣು ಬಿಟ್ಟೆ. ಕೈ ಹಿಂದೆ ಬಂತು.

“ವಾಸ್ನೆ ಸ್ವಾಮಿ... ಏನೂ ಅನ್ಕೋಬೇಡಿ.”

“ಇರ್ಲಿ ಅಮ್ಮ,” ಎಂದರು ಆ ಹುಡುಗ. ಸ್ವಲ್ಪ ಹೊತ್ತು ಹಾಗೇ ನಿಂತು, ಕುದಿಯುವ ನೀರಿನಿಂದ ಎಳೆ ಎದ್ದು ಬರುವುದನ್ನೇ ನೋಡಿದರು. ಯಾವಾಗಲೋ ಕರ್ಚೀಫ್ ಜೇಬಿಗೆ ಹೋಗಿತ್ತು. “ಗೊತ್ತಾಯ್ತು, ಸಾಕು,” ಎಂದವರು ಸಾಕಾದ ಮೇಲೂ ನಿಂತಿದ್ದರು.

ಸಂಜೆ ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಒಂದೆರಡು ಸಲ ಮೂಗೆಳೆದು, ಎದ್ದು ಮುಂದಿನ ಸೀಟಿಗೆ ಹೋದರು. ನಾನು ಕಿಟಕಿ ಪಕ್ಕಕ್ಕೆ ಸರಿದು ಆರಾಮಾಗಿ ಕೂತೆ.

ಮೊನ್ನೆ ಫೋನ್ ಬಂತು. “ಆಯ್ತಂತೆ ಕಣಮ್ಮ! ಮಂಜೂರಾಯ್ತಂತೆ! ನಿಮ್ಮ ಚಿಕ್ಕಪ್ಪ ಆಗ್ಲೇ ಮೋಟರ್ ಅಂಗಡಿ ಮುಂದೆ ಹೋಗಿ ಕೂತವ್ರೆ.” ಇಬ್ಬರೂ ಸೇರಿ ಸ್ವಲ್ಪ ಅತ್ತೆವು, ಸ್ವಲ್ಪ ನಕ್ಕೆವು. ಆಮೇಲೆ ಚಿಕ್ಕಮ್ಮ ದನಿ ತಗ್ಗಿಸಿದಳು.

“ಮೋಟರ್ ಕೂರಿಸಿದ್ಮೇಲೆ ಸಾಹೇಬ್ರು ಫೋಟೋ ಹಿಡಿಯೋಕೆ ಇನ್ನೊಂದ್ಸಲ ಬರ್ತಾರಂತೆ. ಅವತ್ತಾದ್ರೂ ಒಂಚೂರು ಸುಣ್ಣ ಬಳೀಬೋದೇನಮ್ಮ?”