ಉಮ್ ನಝ್ಮಿ ಬಿಟ್ಟಿದ್ದ ಎರಡು ಬೆರಳಿನ ಸಂದು

ಅಶ್ರಫಿಯೆ ಗುಡ್ಡದ ನಮ್ಮ ಬೀದಿಯಲ್ಲಿ ಮೊದಲ ಮಳೆ ಬಿದ್ದ ಮರುದಿನದಿಂದ ಉಮ್ ನಝ್ಮಿಗೆ ಬಿಡುವಿರುವುದಿಲ್ಲ. ಅವಳ ಹೆಸರು ಇನ್ಶಿರಾಹ್; ಮಗ ನಝ್ಮಿ ಹುಟ್ಟಿದ ಮೇಲೆ ಹಾಗೆ ಕರೆದವರಿಲ್ಲ, ಎಲ್ಲರಿಗೂ ಉಮ್ ನಝ್ಮಿ, ಅಂದರೆ ನಝ್ಮಿಯ ತಾಯಿ. ಕಣ್ಣು ಮಂಜಾಗುವವರೆಗೆ ಹೊಲಿಗೆ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಅಮ್ಮಾನಿನ ಕಲ್ಲುಮನೆಗಳ ಸಂದುಗಳನ್ನು ಚಳಿಗಾಲಕ್ಕೆ ಮುಚ್ಚಿಕೊಡುವ ಕೆಲಸ ಹಿಡಿದವಳು. ಹೊಗೆಯಾಡುವ ಊದುಬತ್ತಿಯನ್ನು ಕಿಟಕಿಯ ಅಂಚಿನುದ್ದಕ್ಕೂ ಹಿಡಿದು ಸಾಗುತ್ತಾಳೆ. ಹೊಗೆ ಓಲಾಡಿದಲ್ಲಿ ಗಾಳಿ ನುಗ್ಗುತ್ತಿದೆ ಎಂದರ್ಥ. ಅಲ್ಲಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ. ಬಾಗಿಲಡಿಗೆ, ಹರಿದ ಪ್ಯಾಂಟಿನ ಕಾಲಿಗೆ ಮರಳು ತುಂಬಿ ಹೊಲಿದ ಉರುಳೆ. ನಡುಮನೆಗೆ ಅಡ್ಡವಾಗಿ ಕಂಬಳಿಯ ಪರದೆ. ಎರಡು ವಾರಕ್ಕೆ ಮುಗಿಯುತ್ತಿದ್ದ ಹೀಟರಿನ ಗ್ಯಾಸ್ ಸಿಲಿಂಡರ್ ಮೂರು ವಾರ ಬರುತ್ತದೆ.

ನಾನು ವಿಶ್ವವಿದ್ಯಾಲಯದಲ್ಲಿ ಓದಿದವಳು. ಮಗಳು ತಾಲೀನ್ ಒಮ್ಮೆ ಕೆಮ್ಮಿದರೆ ಫೋನಿನಲ್ಲಿ ಹತ್ತು ರೋಗ ಹುಡುಕುವವಳು. ಹೋದ ಚಳಿಗಾಲ ಅವಳಿಗೆ ಏಳು ತಿಂಗಳು. ಉಮ್ ನಝ್ಮಿಯನ್ನು ನಾನೇ ಕರೆಸಿದೆ.

"ಇದೊಂದೇ ಕೋಣೇಲಿ ಇರಿ ಮಗಳೇ. ಮನೆಯೆಲ್ಲಾ ಕಾಯಿಸೋಕೆ ನಿನ್ನ ಗಂಡ ಏನು ಎಣ್ಣೆ ಬಾವಿ ಇಟ್ಕೊಂಡಿದಾನಾ?" ಎಂದು ನಕ್ಕಳು. ಎಲ್ಲ ಮುಗಿಸಿ, ಕಿಟಕಿಯ ಮೇಲ್ಗಡೆ ಎರಡು ಬೆರಳು ತೂರುವಷ್ಟು ಸಂದು ಬಿಟ್ಟಳು. "ಇದನ್ನ ಮಾತ್ರ ಮುಟ್ಬೇಡ. ಗ್ಯಾಸ್ ಹೀಟರೂ ಉಸಿರಾಡ್ಬೇಕು, ನೀವೂ ಉಸಿರಾಡ್ಬೇಕು."

ಟ್ಯೂಬು ಸಾಲದೆ ಹೋಗಿರಬೇಕು, ಅದಕ್ಕೊಂದು ನೆಪ ಎಂದುಕೊಂಡೆ. ಅವಳು ಮೆಟ್ಟಿಲಿಳಿದ ಕೂಡಲೇ ಕುರ್ಚಿ ಹತ್ತಿ, ಮಗುವಿನ ಉಣ್ಣೆಯ ಕಾಲುಚೀಲಗಳನ್ನು ಆ ಸಂದಿಗೆ ತುರುಕಿದೆ.

ಮೂರನೆಯ ದಿನ ಮಧ್ಯಾಹ್ನ ನನ್ನ ತಲೆ ಸಿಡಿಯತೊಡಗಿತು. ತಾಲೀನ್ ಹಾಲು ಕಕ್ಕಿದಳು, ಆಮೇಲೆ ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. ಮೇಲಿನ ಮಹಡಿಯ ಉಮ್ ಸಖರ್ ನನ್ನ ಕೂಗು ಕೇಳಿ ಓಡಿಬಂದು ಆಸ್ಪತ್ರೆಗೆ ಕರೆದೊಯ್ದಳು. ಆಮ್ಲಜನಕ ಕೊಟ್ಟ ಮೇಲೆ ಮಗು ಅತ್ತಿತು. ಡಾಕ್ಟರು ಸಿಟ್ಟಿನಿಂದ ಕೇಳಿದರು: "ಹೀಟರಿನ ವಿಷಗಾಳಿ ಹೋಗೋಕೆ ಒಂದು ತೂತೂ ಇಲ್ಲದ ಹಾಗೆ ಮುಚ್ಚಿದ್ದು ಯಾರು?"

ಉಮ್ ಸಖರ್ ಪಕ್ಕದಲ್ಲೇ ನಿಂತಿದ್ದಳು. "ಉಮ್ ನಝ್ಮಿ," ಎಂದುಬಿಟ್ಟೆ.

ವಾರದೊಳಗೆ ಬೀದಿಯ ಮನೆಮನೆಯಿಂದ ಮರಳಿನ ಉರುಳೆಗಳು ಕಸದ ತೊಟ್ಟಿ ಸೇರಿದವು. ಅವಳನ್ನು ಯಾರೂ ಕರೆಯಲಿಲ್ಲ. ನಾನು ಕಾಲುಚೀಲಗಳನ್ನು ಕಿತ್ತು ಬಚ್ಚಿಟ್ಟು ಸುಮ್ಮನಿದ್ದೆ.

ಅವಳೇ ಬಂದಳು, ಮಗುವನ್ನು ನೋಡಲು, ಬೇಳೆಸಾರಿನ ಪಾತ್ರೆ ಹಿಡಿದು. ತಾಲೀನಳನ್ನು ಎತ್ತಿಕೊಂಡು ಕೂತಳು; ಕಿಟಕಿಯತ್ತ ಕಣ್ಣೆತ್ತಲೂ ಇಲ್ಲ.

"ನನ್ನ ಕಣ್ಣು ಹೋಯ್ತು ಮಗಳೇ. ಬಿಟ್ಟಿದ್ದೆ ಅಂತಾನೇ ನೆನಪು, ಆದ್ರೆ ಮರೆತಿರ್ಬೇಕು. ಹದಿನಾರು ವರ್ಷದಲ್ಲಿ ಹೀಗಾಗಿರ್ಲಿಲ್ಲ. ಇನ್ನು ಈ ಕೆಲಸ ಸಾಕು. ನನ್ನ ಕ್ಷಮಿಸ್ಬಿಡು."

ನನಗೆ ನೆಲ ಕುಸಿದು ನನ್ನನ್ನು ನುಂಗಬಾರದೇ ಎನಿಸಿತು. "ಖಾಲಾ, ನೀವು ಬಿಟ್ಟಿದ್ರಿ. ಮುಚ್ಚಿದ್ದು ನಾನು."

ಅವಳು ಮಗುವನ್ನು ನನ್ನ ತೋಳಿಗೆ ಕೊಟ್ಟಳು. "ನನಗೆ ಹೇಳಿ ಏನು ಬಂತು? ಮಹಡಿ ಹತ್ತು. ಕಾಫಿಗೆ ಎಲ್ರೂ ಅಲ್ಲೇ ಸೇರಿದಾರೆ."

ಹತ್ತಿದೆ. ಐದು ಹೆಂಗಸರ ಮುಂದೆ ಎಲ್ಲವನ್ನೂ ಹೇಳಿದೆ. ಉಮ್ ಸಖರ್ ಕಾಫಿ ಬಟ್ಟಲು ಕೆಳಗಿಟ್ಟಳು. "ಅಷ್ಟು ದಪ್ಪ ಪುಸ್ತಕ ಓದಿದ್ಯಲ್ಲೇ, ಒಂದರಲ್ಲೂ ಗಾಳಿ ವಿಷಯ ಇರ್ಲಿಲ್ವಾ?" ಯಾರೂ ನಗಲಿಲ್ಲ. ಅವಳು ಆ ಸಂಜೆಯೇ ಉಮ್ ನಝ್ಮಿಗೆ ಹೇಳಿಕಳಿಸಿದಳು. ಒಂದೊಂದಾಗಿ ಉಳಿದವರೂ ಕರೆದರು.

ಆದರೆ ಬೀದಿಯ ಕೊನೆಯ ಎರಡು ಮನೆಗಳು ಇಂದಿಗೂ ಕರೆದಿಲ್ಲ. ಈ ಸಲ ಚಳಿ ಶುರುವಾದ ಮೇಲೆ ಎರಡು ಬಾರಿ ಹೋಗಿ ಅವರ ಬಾಗಿಲು ತಟ್ಟಿದೆ. ಎರಡನೆಯ ಸಲ ಅಲ್ಲಿನ ಮುದುಕಿ ನನ್ನ ಕೆನ್ನೆ ಸವರಿ, "ಎಷ್ಟು ಒಳ್ಳೆ ಮನಸ್ಸೇ ನಿಂದು! ಆ ಕುರುಡಿಗೋಸ್ಕರ ತಪ್ಪನ್ನೆಲ್ಲಾ ನಿನ್ನ ಮೇಲೇ ಹಾಕ್ಕೊಳ್ತಿದೀಯಲ್ಲ," ಎಂದಳು. ಇಲ್ಲ, ನಿಜವಾಗಿ ನಾನೇ ಎಂದು ಆಣೆ ಮಾಡಿದೆ. ಅವಳು ಇನ್ನಷ್ಟು ಅಕ್ಕರೆಯಿಂದ ನಕ್ಕು, ತಾಲೀನಳ ಕೈಗೆ ಒಂದು ಖರ್ಜೂರ ಕೊಟ್ಟಳು.