ಜಾಲಿ ಅಂಟಿನ ಗಿಟಾರು

ಲಕ್ಷ್ಮೇಶ್ವರದ ಹೊಳೆಯಪ್ಪ ಬಡಿಗೇರ ಮಾಡಿದ ಬಂಡಿ ಮುರಿಯಿತೆಂದು ಯಾರಾದರೂ ಅಂದಿದ್ದರೆ ಅವನು ಜಗಳಕ್ಕೇ ನಿಲ್ಲುತ್ತಿದ್ದ. ಸೊರಟೂರಿನ ಎರೆಹೊಲದಲ್ಲಿ ಗಾಲಿ ಅಚ್ಚಿನವರೆಗೆ ಹೂತರೂ ಅವನು ಬಡಿದ ಬೆಣೆ ಕದಲುತ್ತಿರಲಿಲ್ಲ. ಅಂಥ ಮನುಷ್ಯ ಸ್ವಂತ ಅಳಿಯನ ಗಿಟಾರು ಮುರಿದ, ಅದೂ ಎಂಥ ತಿಳಿಗೇಡಿತನದಿಂದ!

ಅಳಿಯ ಮೋನಪ್ಪ ಬಡಿಗೇರ ಕುಲದಲ್ಲಿ ಹುಟ್ಟಿಯೂ ಉಳಿ ಬಿಟ್ಟು ತಂತಿ ಹಿಡಿದವನು, ನಾಟಕ ಕಂಪನಿಯಲ್ಲಿ ಗಿಟಾರು ಬಾರಿಸುತ್ತಿದ್ದ. ಜನಕ್ಕೆ ಸಿನಿಮಾ ಹಾಡಿನ ಹುಚ್ಚು ಹಿಡಿದ ಕಾಲ, ಗಿಟಾರು ಇಲ್ಲದ ಕಂಪನಿಗೆ ಟಿಕೀಟು ಹರಿಯುತ್ತಿರಲಿಲ್ಲ. ಒಮ್ಮೆ ಗದಗಿನಿಂದ ಮಾವನ ಬಂಡಿಯಲ್ಲಿ ಬರುವಾಗ ಹೊಳೆಯಪ್ಪ ಆ ಗಿಟಾರಿನ ಮೇಲೆ ಜೋಳದ ಚೀಲ ಹೇರಿದ. "ಕಟ್ಟಿಗಿ ಐತಲ್ಲ, ತಡೀತೈತಿ ಬಿಡ್ರಿ ಅಳಿಯಾರ" ಎಂದ. ಊರು ಮುಟ್ಟುವುದರೊಳಗೆ ಅದು ಲಟಕ್ಕೆಂದಿತು.

ಮೋನಪ್ಪ ಮಾವನಿಗೆ ಎದುರಾಡಲಿಲ್ಲ. ಹೆಂಡತಿ ಶಂಕ್ರೆವ್ವನಿಗೆ ಮಾತ್ರ ಹೇಳಿದ: ಮುಂಡರಗಿಯ ಕ್ಯಾಂಪಿಗೆ ಗಿಟಾರು ತಂದರೆ ಬಾ, ಇಲ್ಲದಿದ್ದರೆ ಬರಬೇಡ ಎಂದಿದ್ದಾನೆ ಕಂಪನಿ ಮಾಲಕ. ಹೊಸದು ಕೊಳ್ಳುವ ತಾಕತ್ತು ಮಾವ, ಅಳಿಯ ಇಬ್ಬರಿಗೂ ಇರಲಿಲ್ಲ. ಉಳಿದ ದಾರಿ ಮುಂಬೈ ಗಿರಣಿ. ಅವರ ಓಣಿಯಿಂದ ಮುಂಬೈಗೆ ಹೋದ ಗಂಡಸರು ಹೋದವರೇ. ಅಲ್ಲೇ ಬೇರೆ ಸಂಸಾರ ಹೂಡಿ ಇಲ್ಲಿಯವರನ್ನು ಮರೆತುಬಿಟ್ಟಿದ್ದರು. ಶಂಕ್ರೆವ್ವನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಅತ್ತದ್ದು ಪಡಸಾಲೆಯಲ್ಲಿದ್ದ ಹೊಳೆಯಪ್ಪನಿಗೆ ಕೇಳಿಸಿತು.

"ನಾನ ಮುರಿದೇನಿ, ನಾನ ಮಾಡಿಕೊಡ್ತೀನಿ" ಎಂದ.

ಮಾಡಿದ್ದೇನು, ಮಣ್ಣು! ಮೊದಲನೆಯದನ್ನು ಬಂಡಿಯ ಲೆಕ್ಕದಲ್ಲಿ ಗಟ್ಟಿ ಜಾಲಿ ಹಲಗೆಯಲ್ಲಿ ಕಟ್ಟಿದ. ಮೋನಪ್ಪ ತಂತಿ ಮೀಟಿದರೆ ಒಣಗಿದ ಕುಂಬಳಕಾಯಿ ತಟ್ಟಿದಂತೆ ಸದ್ದು. ಆಗ ಹಳೆಯದನ್ನು ಬಿಚ್ಚಿ ನೋಡಿದ. ಮೇಲಿನ ಹಲಗೆ ಹಪ್ಪಳದಷ್ಟು ತೆಳು. ಮುರಿಯಬಾರದು ಎಂದು ಆಯುಷ್ಯವೆಲ್ಲ ದಪ್ಪ ದಪ್ಪ ಕಟ್ಟಿದವನು ಈಗ ಇನ್ನೇನು ಮುರಿದೀತು ಎನ್ನುವಷ್ಟು ತೆಳುವಾಗಿ ಹೆರೆಯಬೇಕು. ಚಹಾಪುಡಿ ಪೆಟ್ಟಿಗೆಯ ಹಲಗೆ ತಂದು ಹೆರೆಯಲು ಕೂತವನು ಎರಡು ಸಲ ಹೆರೆದು ಒಮ್ಮೆ ಬೆಳಕಿಗೆ ಹಿಡಿದು ನೋಡುತ್ತಿದ್ದ. ಪಕ್ಕದ ಪಟ್ಟಿಗಳನ್ನು ನೀರಲ್ಲಿ ನೆನೆಸಿ ಕಾದ ಕಬ್ಬಿಣಕ್ಕೆ ಒತ್ತಿ ಬಾಗಿಸಿದ. ಒಂದು ಸೀಳಿತು, ಇನ್ನೊಂದೂ ಸೀಳಿತು. ಬಂಡಿಯ ಗಿರಾಕಿಗಳು ಬಂದು ಬೈದು ಹೋದರು. ಕ್ಯಾಂಪಿನ ದಿನ ಹತ್ತಿರ ಬಂದಂತೆ ಅವನು ಊಟ ಬಿಟ್ಟು ಪಟ್ಟಿ ಬಾಗಿಸುತ್ತ ಕೂತ. ಕಡೆಗೂ ಒಂದು ಜೊತೆ ಪಟ್ಟಿ ಸೀಳದೆ ಬಾಗಿದವು.

ಅಂಟಿಸುವುದೊಂದೇ ಬಾಕಿ. ಬಂಡಿಗೆ ಬೆಣೆ ಸಾಕು, ಇದಕ್ಕೆ ಅಂಟೇ ಬೇಕು. ಬೆಟಗೇರಿಯಲ್ಲಿ ತಂಬೂರಿ, ಹಾರ್ಮೋನಿಯಂ ರಿಪೇರಿ ಮಾಡುವ ಲಾಡಸಾಬನ ಹತ್ತಿರ ಹೋದ. ಲಾಡಸಾಬ ತೊಗಲು ಕುದಿಸಿ ಮಾಡಿದ ಅಂಟಿನ ಗಡಿಗೆ ಮುಂದಿಟ್ಟ. ಹೊಳೆಯಪ್ಪ ಹಿಂದೆ ಸರಿದ.

"ಜನಿವಾರದಾಂವ ನಾನು. ಉಳಿ ಹಿಡಿಯೋ ಕೈಲೆ ಇದನ್ನ ಮುಟ್ಟಲೇನು?"

"ಕಾಲಾಗಿನ ಕೆರ ಯಾತರದ್ದು, ಹೊಳೆಪ್ಪಣ್ಣ?" ಲಾಡಸಾಬ ನಕ್ಕ.

"ಕಾಲು ಬ್ಯಾರೆ, ಕೈ ಬ್ಯಾರೆ. ಜಾಲಿ ಅಂಟು ಹಚ್ಚತೇನಿ."

ಲಾಡಸಾಬನ ನಗು ನಿಂತಿತು. "ಜಾಲಿ ಅಂಟು ಕಾಗದಕ್ಕ ಸರಿ. ತಂತಿ ಎತ್ತು ಜಗ್ಗಿದ್ಹಂಗ ಜಗ್ಗತೈತಿ. ಮಳಿಗಾಲದ ಹಸಿ ಹವಾ ಬ್ಯಾರೆ, ಆ ಅಂಟು ನೆನೆದು ಬಿಡತೈತಿ. ನೀವು ಮುಟ್ಟಬ್ಯಾಡ್ರಿ, ಇಲ್ಲಿ ತರ್ರಿ, ನಾನ ಹಚ್ಚಿಕೊಡ್ತೀನಿ."

"ಬ್ಯಾಡ. ದೇವರ ಮುಂದಿಟ್ಟು ಪೂಜಾ ಮಾಡಿ ಕೊಡೂ ಸಾಮಾನು ಅದು."

ಬುದ್ಧಿ ಹೇಳಿದವನ ಮಾತು ಬೇವಾಗಿ ಕಂಡರೆ ಯಾರೇನು ಮಾಡುತ್ತಾರೆ? ಮನೆಗೆ ಬಂದು ಜಾಲಿ ಅಂಟನ್ನೇ ನೆನೆಸಿ ಹಚ್ಚಿದ. ಬಿಸಿಲಲ್ಲಿ ಒಣಗಿಸಿ, ಕುಂಕುಮವಿಟ್ಟು, ಕಾಯಿ ಒಡೆದ. ಮೋನಪ್ಪ ಮೀಟಿದ. ನಿಜ ಹೇಳಬೇಕೆಂದರೆ ದನಿ ಚೆನ್ನಾಗಿಯೇ ಬಂತು. ಶಂಕ್ರೆವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಳೆಯಪ್ಪ ಅಂದು ಹೊಟ್ಟೆ ತುಂಬ ಉಂಡ.

ಮುಂಡರಗಿಯಲ್ಲಿ ಜಿಟಿಜಿಟಿ ಮಳೆ ಹಿಡಿದಿತ್ತು. ನಾಟಕದ ತಗಡಿನ ಥೇಟರು ತುಂಬಿತ್ತು. ಮೊದಲ ಹಾಡಿನ ನಡುವೆಯೇ ತಂತಿ ಹೊರುವ ಕುದುರೆ ಬುಡಸಮೇತ ಎದ್ದು ಮೋನಪ್ಪನ ಮೋರೆಗೆ ಬಡಿಯಿತು. ಜನ ಶಿಳ್ಳೆ ಹೊಡೆದರು. ಮಾಲಕ ಅವನನ್ನು ಪರದೆ ಬೀಳುವವರೆಗೂ ಇಟ್ಟುಕೊಳ್ಳಲಿಲ್ಲ.

ಅಳಿಯ ಲಕ್ಷ್ಮೇಶ್ವರಕ್ಕೆ ಬರಲೇ ಇಲ್ಲ, ಗದಗಿಗೆ ಹೋಗಿ ಮುಂಬೈ ರೈಲು ಹತ್ತಿದ. ಸ್ಟೇಷನ್ನಿನಲ್ಲಿ ಕಂಡವರು ಹೇಳಿದ ಮೇಲೇ ಗೊತ್ತಾದದ್ದು. ಆ ಮಳೆಗಾಲ ಹೋಗಿ ಮರುವರ್ಷದ ಮಳೆಗಾಲವೂ ಮುಗಿಯಿತು, ಅವನ ಖಬರಿಲ್ಲ. ನಾಡು ಒಂದಾಯಿತೆಂದು ಊರಲ್ಲಿ ಪೇಢೆ ಹಂಚಿದ ದಿನವೂ ಶಂಕ್ರೆವ್ವ ಬಸ್ಸು ನಿಲ್ಲುವಲ್ಲಿಗೆ ಹೋಗಿ ಬರಿಗೈಲಿ ಬಂದಳು. ಹೊಳೆಯಪ್ಪ ಮಗಳ ಮುಖ ನೋಡಲಾರದೆ ಉಳಿ ಹಿಡಿದು ಸುಮ್ಮನೆ ಕೂತಿರುತ್ತಿದ್ದ.

ಅದೇ ವಾರ ಲಾಡಸಾಬ ಸಂತೆಗೆ ಬಂದವನು ಸಮಾಧಾನ ಹೇಳಲು ಮನೆಗೂ ಬಂದ. ಮಾತಿನ ಭರದಲ್ಲಿ ಅಂಟಿನ ಸಂಗತಿ ಬಾಯಿಬಿಟ್ಟ. ಪಾಪ, ತಂದೆ ಮಗಳಿಗೆ ಹೇಳಿರುತ್ತಾನೆ ಅಂದುಕೊಂಡಿದ್ದ. ನೀರು ತಂದ ಶಂಕ್ರೆವ್ವ ತಂಬಿಗೆ ಹಿಡಿದು ನಿಂತೇ ಇದ್ದಳು. ಅವನು ಹೋದ ಮೇಲೆ ತಂದೆಯ ಎದುರು ಕುಳಿತಳು. ಅಳಲಿಲ್ಲ, ದನಿ ಏರಿಸಲೂ ಇಲ್ಲ.

"ಮುಟ್ಟಿ ಕೈ ತೊಳಕೊಂಡಿದ್ರ ಆಗ್ತಿತ್ತಲ್ಲೋ ಯಪ್ಪಾ" ಎಂದಳು.