ಗೊಂಬೆ ಹಬ್ಬಕ್ಕೆ ಬಂದ ಕ್ಯಾಪ್ಟನ್

ನಮ್ಮ ಮನೆಯ ಅಗ್ಗಿಷ್ಟಿಕೆಯ ಮೇಲೊಬ್ಬ ದೊರೆ ನಿಂತಿದ್ದಾನೆ, ಗೆಳೆಯರೇ. ಮೊಳದುದ್ದದ ಮರದ ಆಸಾಮಿ. ಗುಲಾಬಿ ಬಣ್ಣದ ಕೆನ್ನೆ, ಖಾಕಿ ಉಡುಪು, ಕಾಫಿ ಸೋಸಬಹುದಾದಷ್ಟು ದಟ್ಟ ಮೀಸೆ. ನೈರೋಬಿಯ ಮುಥೈಗಾ ಬಡಾವಣೆಯಲ್ಲಿ ನಾನು ಬಾಡಿಗೆಗಿರುವುದು ಒಂದು ಕಾಲಕ್ಕೆ ಈತನದಾಗಿದ್ದ ಬಂಗಲೆಯ ಅರ್ಧ ಭಾಗದಲ್ಲಿ. ಇನ್ನರ್ಧದಲ್ಲಿ ಇದರ ಈಗಿನ ಒಡತಿ, ನಿವೃತ್ತ ವಕೀಲೆ ವಾಂಜಿರು ಅವರಿದ್ದಾರೆ.

ಈ ಗೊಂಬೆಗೆ ರೂಪ ಕೊಟ್ಟ ಬಿಳಿಯ ಕ್ಯಾಪ್ಟನ್‌ನ ಚರಿತ್ರೆಯನ್ನು ನಾನು ಕೇಳಿದ್ದು ಅವರ ಬಾಯಿಂದಲೇ. ಸೈನ್ಯದಲ್ಲಿದ್ದಷ್ಟು ದಿನ ಅಪ್ಪಣೆಗೆ ತಲೆಬಾಗಿದ ಈ ಪುಣ್ಯಾತ್ಮ, ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರಕಾರ ದಯಪಾಲಿಸಿದ ಗುಡ್ಡದಲ್ಲಿ ಕಾಫಿ ನೆಟ್ಟು ಅಪ್ಪಣೆ ಕೊಡುವುದನ್ನು ಕಲಿತ. ಅದರ ರುಚಿ ಹತ್ತಿ, ತೋಟದ ಕೂಲಿಗಳು ಸಾಲದೆಂದು ಶಾಸನಸಭೆಗೂ ಹೋದ. ಅಲ್ಲಿ ಅವನ ಮೆಚ್ಚಿನ ವಿಷಯ ನಾವೇ. ಇಂಡಿಯಾದವರು ಬಜಾರಿನಲ್ಲಿ ಅಂಗಡಿ ಇಟ್ಟುಕೊಂಡು ಇರಲಿ, ಈ ತಂಪು ನೆಲಕ್ಕೆ ಮಾತ್ರ ಕಾಲಿಡಕೂಡದು ಎಂದು ಗಂಟೆಗಟ್ಟಲೆ ಭಾಷಣ ಬಿಗಿದನಂತೆ. ಇಂದು ಅದೇ ಬಂಗಲೆಯಲ್ಲಿ ಸಾರಿಗೆ ಇಂಗಿನ ಒಗ್ಗರಣೆ ಹಾಕುವಾಗಲೆಲ್ಲ ಆ ಮೀಸೆಯ ಪಾಡು ನೆನೆದು ನನಗೆ ನಗು ಬರುತ್ತದೆ.

ವಾಂಜಿರು ಅವರಿಗೆ ನಗು ಬರುವುದಿಲ್ಲ. ಸರಕಾರ ದಯಪಾಲಿಸಿದ ಆ ಗುಡ್ಡ ಅವರ ತಾತನದು. ತಾತ ತಮ್ಮ ನೆಲದಲ್ಲೇ ಕೂಲಿಯಾಗಿ ಸತ್ತರು. ಬಂಗಲೆ ಕೊಂಡಾಗ ಗೊಂಬೆಯೂ ಜೊತೆಗೇ ಬಂತು. ಸುಟ್ಟರೆ ತಾತನ ಕಥೆಗಿದ್ದ ಸಾಕ್ಷಿಯೇ ಹೋದಂತೆ, ಕಣ್ಣೆದುರಿಟ್ಟುಕೊಂಡರೆ ಊಟ ಸೇರದು. ಏನು ಮಾಡುವುದೆಂದು ತೋಚದೆ ಬಾಡಿಗೆಯವರ ಪಾಲಿಗೆ ಬಿಟ್ಟಿದ್ದರು.

ಈ ಸಲದ ದಸರೆಗೆ ಮೈಸೂರಿನಿಂದ ಅಮ್ಮ ಬಂದಳು, ಸೀರೆಗಳ ನಡುವೆ ಪಟ್ಟದ ಗೊಂಬೆಗಳನ್ನು ಬಚ್ಚಿಟ್ಟುಕೊಂಡು. ಕೆಲಸದ ಮೇಲೆ ಕಿಸುಮುಗೆ ಹೋಗಿದ್ದ ನಾನು ಮರಳಿದ್ದು ವಿಜಯದಶಮಿಯ ಸಂಜೆ. ನೋಡುತ್ತೇನೆ, ಮೆಟ್ಟಿಲ ಮೇಲೆ ರಾಜ ರಾಣಿ, ಕೆಳಗೆ ಅಕ್ಕಿ ಬೇಳೆ ಹರವಿಕೊಂಡ ಶೆಟ್ಟಿ ದಂಪತಿ, ಅವರ ಅಂಗಡಿಗೆ ಕಾವಲು ನಮ್ಮ ಕ್ಯಾಪ್ಟನ್! ಹಣೆಯಲ್ಲಿ ಕಾಸಗಲ ಕುಂಕುಮ.

“ದೊರೆ ಗೊಂಬೆ ಲಕ್ಷಣವಾಗಿದೆ ಕಣೇ, ನಮ್ಮಜ್ಜಿ ಮನೇಲೂ ಇಂಥದೊಂದಿತ್ತು,” ಎಂದಳು ಅಮ್ಮ.

ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಆದರೆ ಅರಿಶಿನ ಕುಂಕುಮಕ್ಕೆ ವಾಂಜಿರು ಅವರನ್ನೂ ಕರೆದಿದ್ದೇನೆಂದು ಅಮ್ಮ ಹೇಳಿದಾಗ ಗೊಂಬೆಯನ್ನು ಮರೆಮಾಡಲು ಓಡಿದೆ; ಅವರು ಆಗಲೇ ಬಾಗಿಲಲ್ಲಿದ್ದರು. ಅವರ ಕಣ್ಣು ನೇರ ಆ ಕುಂಕುಮದ ಮೇಲೆ ಬಿತ್ತು. ಇವನನ್ನೂ ಪೂಜಿಸುತ್ತೀರಾ ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು. ಅಷ್ಟು ವರ್ಷದ ಸ್ನೇಹ ಒಂದು ಚಿಟಿಕೆ ಕುಂಕುಮದಿಂದ ಹಾಳಾಯಿತಲ್ಲ ಎಂದು ನನಗೆ ಭಯವಾಯಿತು. ತಾತನ ಕಥೆಯನ್ನೆಲ್ಲ ಗಡಿಬಿಡಿಯಲ್ಲಿ ಅಮ್ಮನಿಗೆ ಹೇಳಿದೆ.

ಅಮ್ಮ ಆರತಿ ತಟ್ಟೆ ಕೆಳಗಿಟ್ಟಳು. ಹಬ್ಬ ಮುಗಿದ ಗುರುತಿಗೆ ಆ ಸಂಜೆ ಗೊಂಬೆಯನ್ನು ಮಲಗಿಸುವುದು ನಮ್ಮ ಮನೆಯ ಪದ್ಧತಿ. ಮಲಗುವ ಮರ್ಯಾದೆ ಪಟ್ಟದ ಗೊಂಬೆಯದು, ಮಲಗಿಸುವ ಹಕ್ಕು ಮನೆಯ ಹಿರಿಯಳದು. ಅಮ್ಮ ಕ್ಯಾಪ್ಟನ್‌ನನ್ನೆತ್ತಿ ವಾಂಜಿರು ಅವರ ಕೈಗಿತ್ತಳು.

“ಮನೆ ಯಜಮಾನಿ ನೀವಲ್ಲವೇನಮ್ಮ? ಇವನ ದರ್ಬಾರು ಮುಗೀತು. ನೀವೇ ಮಲಗಿಸಿ.”

ನಾನು ಅನುವಾದಿಸಿದೆ. ವಾಂಜಿರು ಅವರು ಗೊಂಬೆಯನ್ನು ದಿಟ್ಟಿಸಿದರು, ಹೆಬ್ಬೆರಳಿನಿಂದ ಕುಂಕುಮ ಒರೆಸಿದರು, ಮೆಟ್ಟಿಲ ಮೇಲೆ ಅಂಗಾತ ಮಲಗಿಸಿದರು. ಆಮೇಲೆ ಬಗ್ಗಿ ಅದರ ಕಿವಿಯಲ್ಲಿ ತಮ್ಮ ಭಾಷೆಯಲ್ಲಿ ಏನೋ ಅಂದರು. ಏನೆಂದು ನಾನು ಕೇಳಿದೆ.

“ತಾತನ ಹೆಸರು ಹೇಳಿದೆ. ಇವನು ಒಂದು ಸಲವೂ ಕೇಳಿರಲಿಲ್ಲ.”

ಅಮ್ಮನಿಗೆ ತಿಳಿಸಿದೆ. ಅವಳು ವಾಂಜಿರು ಅವರ ಪಕ್ಕಕ್ಕೆ ಸರಿದು ಕುಳಿತು, ಆ ಹೆಸರು ನನಗೂ ಹೇಳಿಕೊಡಿ ಎಂದು ಕೈಸನ್ನೆ ಮಾಡಿದಳು. ಮೈಸೂರಿನ ನಾಲಿಗೆ ಮೊದಲು ಎಡವಿತು, ವಾಂಜಿರು ಅವರು ನಕ್ಕು ತಿದ್ದಿದರು, ಮತ್ತೆ ಎಡವಿತು. ಕೊನೆಗೆ ಸರಿಯಾಗಿಯೇ ಬಂತು: ನ್ಜೊರೋಗೆ.